ಹದಿನಾಲ್ಕು ಜೊತೆ ಬೂಟು

ನಾನು ಮೂಲತಃ ಕಬಡ್ಡಿಯವನು. ಬಿ.ಪಿ.ಇಡಿ. ಮುಗಿಸಿ 1991ರಲ್ಲಿ ಬೆಂಗಳೂರಿನ ಹಲಸೂರು ಕಡೆಯ ಒಂದು ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಸೇರಿದೆ. ಹೆಡ್‌ಮಾಸ್ಟರು ಫುಟ್‌ಬಾಲ್ ಟೀಮನ್ನು ನನ್ನ ತಲೆಗೆ ಕಟ್ಟಿದರು. ಹುಡುಗರಲ್ಲಿ ಮುಕ್ಕಾಲು ಪಾಲು ಗೌತಮಪುರದವರು, ಈಗ ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಪೇಲೆಯ ಪ್ರತಿಮೆ ಇದೆಯಲ್ಲ, ಅದೇ ಗೌತಮಪುರ. ಅವರಿಗೆ ಡ್ರಿಬಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಓಡುವುದನ್ನು ಹೇಳಿಕೊಡಲು ಹೋಗಿ ಮೊದಲ ವಾರವೇ ನಗೆಪಾಟಲಾದೆ.

ಸರಿ, ರೂಲ್ಸಾದರೂ ಕಲಿಸೋಣವೆಂದು ಪುಸ್ತಕ ಬಾಯಿಪಾಠ ಮಾಡಿದೆ. 1992ರಲ್ಲಿ ರೂಲೇ ಬದಲಾಯಿತು: ತನ್ನ ಕಡೆಯವನು ಬೇಕೆಂದೇ ಕಾಲಲ್ಲಿ ಕೊಟ್ಟ ಚೆಂಡನ್ನು, ಅಂದರೆ ಬ್ಯಾಕ್ ಪಾಸನ್ನು, ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. ಪೇಪರಿನಲ್ಲಿ ಓದಿದ್ದೆ, ಹುಡುಗರಿಗೆ ಹೇಳುವುದನ್ನೇ ಮರೆತೆ. ಮುಂದಿನ ಟೂರ್ನಮೆಂಟಿನಲ್ಲಿ ನಮ್ಮ ಕೀಪರ್ ಅಭ್ಯಾಸದಂತೆ ಬಗ್ಗಿ ಚೆಂಡು ಎತ್ತಿಕೊಂಡ. ಪೀಪಿ. ಗೋಲಿನ ಮುಂದಿನ ಬಾಕ್ಸಿನೊಳಗೇ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಇನ್ನೊಬ್ಬರಿಗೆ ತಾಗದೆ ನೇರ ಒಳಗೆ ಹೋದರೆ ಗೋಲಲ್ಲದ ಕಿಕ್. ನಮ್ಮವರೆಲ್ಲ ಗೋಲಿನ ಗೆರೆಯ ಮೇಲೆ ಗೋಡೆಯಂತೆ ನಿಂತರೂ ಚೆಂಡು ಯಾರದೋ ಕಾಲ ಸಂದಿಯಲ್ಲಿ ಒಳಗೆ ಹೋಯಿತು. ಬಸ್ಸಿನಲ್ಲಿ ಬರುವಾಗ ಅವನು ಕೇಳಿದ, "ಸಾರ್, ನಾನೇನ್ ತಪ್ಪು ಮಾಡ್ದೆ?"

"ನಂದು ಕಣೋ ತಪ್ಪು" ಅಂದೆ. ಹಾಗೆ ಹೇಳಿದ ಮೇಲೇ ಹುಡುಗರು ನನ್ನನ್ನು ಕೋಚ್ ಅಂತ ಒಪ್ಪಿದ್ದು, ವಿಚಿತ್ರ.

ಆಟ ಅವರಿಗೆ ಗೊತ್ತಿತ್ತು. ಇಲ್ಲದ್ದು ಬೂಟು. ಹದಿನೆಂಟು ಹುಡುಗರಿಗೆ ಹದಿನಾಲ್ಕು ಜೊತೆ. ಬೂಟಿಲ್ಲದ ಸಬ್‌ಸ್ಟಿಟ್ಯೂಟ್ ಇಳಿಸಬೇಕೆಂದರೆ ಹೊರಬಂದವನು ಗೆರೆಯ ಪಕ್ಕ ಕೂತು ಲೇಸ್ ಬಿಚ್ಚಬೇಕು, ಒಳಹೋಗುವವನು ಆ ಬಿಸಿ ಬೂಟಿಗೆ ಕಾಲು ತೂರಿಸಬೇಕು, ದೊಡ್ಡದಾದರೆ ತುದಿಗೆ ಪೇಪರ್ ತುರುಕಬೇಕು. ರೆಫರಿ ಗೊಣಗುತ್ತಿದ್ದರು. ಬೂಟಿನ ನಾಲಿಗೆಯ ಒಳಗೆ ಮಾರ್ಕರ್‌ನಲ್ಲಿ ಹೆಸರು ಬರೆಸುತ್ತಿದ್ದೆ. ಸೀನಿಯರ್ ಹೋದ ಮೇಲೆ ಅದನ್ನು ಹೊಡೆದುಹಾಕಿ ಕೆಳಗೆ ಜೂನಿಯರ್ ಹೆಸರು. ಒಂದು ಬೂಟಿನಲ್ಲಿ ಆರು ಹೆಸರಾಗಿತ್ತು.

ಬರಿಗಾಲಲ್ಲಿ ಚೆಂಡು ಅಂಟಿಸಿಕೊಂಡಂತೆ ಓಡುವವನು ಬೂಟು ಹಾಕಿದ ಕೂಡಲೇ ಎಲ್ಲೋ ಒದೆಯುತ್ತಿದ್ದ. ಅದಕ್ಕೇ ಪ್ರಾಕ್ಟೀಸಿನಲ್ಲಿ ಮೊದಲು ಬರಿಗಾಲು, ಕೊನೆಯ ಅರ್ಧ ಗಂಟೆ ಮಾತ್ರ ಬೂಟು. ಇದನ್ನು ಯಾವ ಪುಸ್ತಕವೂ ಹೇಳಿಕೊಟ್ಟಿದ್ದಲ್ಲ.

2023ರ ಮಾರ್ಚಿನಲ್ಲಿ, ನನ್ನ ನಿವೃತ್ತಿಗೆ ಎರಡು ತಿಂಗಳಿರುವಾಗ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಮೆಂಟಾದ ಸಂತೋಷ್ ಟ್ರೋಫಿ ಗೆದ್ದಿತು. ಮ್ಯಾಚ್ ಮುಗಿಯುತ್ತಿದ್ದಂತೆ ಆ ಹಳೆಯ ಕೀಪರ್ ಫೋನ್ ಮಾಡಿದ. ಈಗ ಆಟೋ ಓಡಿಸುತ್ತಾನೆ.

"ಸಾರ್, ನೋಡಿದ್ರಾ? ನಮ್ ಕೀಪರ್ ಒಂದೂ ಬ್ಯಾಕ್ ಪಾಸ್ ಕೈಯಲ್ಲಿ ಹಿಡೀಲಿಲ್ಲ."