ಸ್ಟಿಕ್ಕರ್ ಕಿತ್ತ ಮೇಲೆ ಸಿಕ್ಕ ಜಿಟಿಓ

ಹಳೇ ಕಾರಿನ ಹುಚ್ಚಿರುವವರು ಮಾಮೂಲಿ ಕಾರನ್ನು ಅಪರೂಪದ್ದು ಮಾಡೋಕೆ ದುಡ್ಡು ಸುರಿಯುತ್ತಾರೆ. ನಾನು ಸುರಿದದ್ದು ಉಲ್ಟಾ ಕೆಲಸಕ್ಕೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ಫೋಟೋ ತೆಗೆಯುತ್ತಿದ್ದ 'ಜಡ್ಜ್' ಅನ್ನೋ ಹಳೇ ಅಮೆರಿಕನ್ ಕಾರೊಂದನ್ನು ಮನೆಗೆ ತಂದು, ಅದರ ಪಟ್ಟಿ, ರೆಕ್ಕೆ ಎಲ್ಲ ಕಿತ್ತು, ಪಾಂಟಿಯಾಕ್ ಕಂಪನಿಯ ಹಸಿರು ಬಣ್ಣದ ಸಾದಾ ಜಿಟಿಓ ಮಾಡಿದೆ. ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ, "ರೀ, ಆವಾಗ ನಿಮಗೆ ತಲೆ ಸರಿ ಇತ್ತಾ?"

ಊರು ಮೈಸೂರು. ಈಗಿರುವುದು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಇಲ್ಲಿಗೆ ಬಂದ ಮೊದಲ ಆಗಸ್ಟ್‌ನಲ್ಲೇ ಆಫೀಸಿನವರು ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಕರೆದುಕೊಂಡು ಹೋದರು. 1995ರಿಂದ ನಡೆಯುತ್ತಿರುವ ಜಾತ್ರೆ ಅದು, ತೇರಿನ ಬದಲು ಕಾರು ಅಷ್ಟೇ. ಜನ ಬೆಳಿಗ್ಗೆಯೇ ಬಂದು ವುಡ್‌ವರ್ಡ್ ಅವೆನ್ಯೂ ಪಕ್ಕ ಮಡಚೋ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅಲ್ಲೇ ನಾನು ಮೊದಲ ಸಲ 1969ರ ಪಾಂಟಿಯಾಕ್ ಜಿಟಿಓ ನೋಡಿದ್ದು. ಮುಂದೆ ಕ್ರೋಮ್ ಬಂಪರ್ ಇಲ್ಲ, ಮೂತಿಯೂ ಕಾರಿನ ಬಣ್ಣದ್ದೇ. ಒಳಗೆ 400 ಕ್ಯೂಬಿಕ್ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್, ಅಂದರೆ ಆರೂವರೆ ಲೀಟರ್. ಸಿಗ್ನಲ್‌ನಲ್ಲಿ ಸುಮ್ನೆ ನಿಂತಿದ್ದಾಗಲೂ ಆ ಸದ್ದು ನನ್ನ ಕುರ್ಚಿಯ ಕಾಲಿನವರೆಗೂ ಬರುತ್ತಿತ್ತು. ಅಷ್ಟಕ್ಕೇ ನಾನು ಕೆಟ್ಟೆ.

ಜಡ್ಜ್ ಅನ್ನೋದು ಬೇರೆ ಕಾರಲ್ಲ, ಜಿಟಿಓ ಮೇಲೆ ಹಾಕಿಸಿಕೊಳ್ಳುವ ಒಂದು ಪ್ಯಾಕೇಜ್. 1969ರಲ್ಲಿ ಸುಮಾರು 332 ಡಾಲರ್ ಜಾಸ್ತಿ ಕೊಟ್ಟರೆ ಬಾನೆಟ್ ಮೇಲಿಂದ ಗಾಳಿ ಎಳೆಯುವ, 366 ಕುದುರೆ ಶಕ್ತಿಯ ರ‍್ಯಾಮ್ ಏರ್ ಎಂಜಿನ್, ಹಿಂದೆ ಒಂದು ರೆಕ್ಕೆ, ಪಕ್ಕಕ್ಕೆ ಬಣ್ಣದ ಪಟ್ಟಿ, ಫೆಂಡರ್ ಮೇಲೆ 'ದಿ ಜಡ್ಜ್' ಅನ್ನೋ ಸ್ಟಿಕ್ಕರ್. ಆ ವರ್ಷ ಒಟ್ಟು 72,287 ಜಿಟಿಓ ತಯಾರಾದವು. ಅದರಲ್ಲಿ ಜಡ್ಜ್ 6,833. ಜಡ್ಜ್‌ನಲ್ಲೂ ಕನ್ವರ್ಟಿಬಲ್ ಬರೀ 108. ಹೊಸದರಲ್ಲಿ ನಾನು ಈ ಅಂಕಿಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ಕಡಿಮೆ ತಯಾರಾದದ್ದೇ ಅಪರೂಪ ಅಂದುಕೊಂಡಿದ್ದೆ.

ಆ ಲೆಕ್ಕ ಎಷ್ಟು ಪೊಳ್ಳು ಅಂತ ತಿಳಿಸಿದ್ದು 1967ರ ಜಿಟಿಓ. ಆ ವರ್ಷ ಎರಡು ಬ್ಯಾರಲ್ ಕಾರ್ಬ್ಯುರೇಟರ್ ಇರುವ, ಪೆಟ್ರೋಲ್ ಉಳಿಸುವ ಎಂಜಿನ್ ಕೂಡ ಕೊಡುತ್ತಿದ್ದರು. 81,722 ಕಾರಲ್ಲಿ ಅಂಥವು 2,967 ಮಾತ್ರ. ಜಡ್ಜ್‌ಗಿಂತ ಅರ್ಧಕ್ಕೂ ಕಡಿಮೆ! ಆದರೆ ಅದನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ದೊಡ್ಡ ಎಂಜಿನ್ನಿನ, ವೇಗಕ್ಕೆಂದೇ ಮಾಡಿದ ಇಂಥ ಮಸಲ್ ಕಾರ್ ಕೊಂಡು ಮೈಲೇಜ್ ಕೇಳುವವರು ಯಾರು? ಅದೇ ವರ್ಷದ ರ‍್ಯಾಮ್ ಏರ್ 751 ತಯಾರಾಗಿದ್ದವು. ಅದಕ್ಕೆ ಮಾತ್ರ ಜನ ಮುಗಿಬೀಳುತ್ತಾರೆ.

ಇನ್ನು ಷೆವರ್ಲೆಯ 1969ರ ಕ್ಯಾಮೆರೋ ಝಡ್‌ಎಲ್1. ಪೂರ್ತಿ ಅಲ್ಯುಮಿನಿಯಂನ 427 ಕ್ಯೂಬಿಕ್ ಇಂಚಿನ ಎಂಜಿನ್, ತಯಾರಾದದ್ದು 69. ಇಲಿನಾಯ್‌ನ ಲಾ ಹಾರ್ಪ್ ಅನ್ನೋ ಸಣ್ಣ ಊರಿನ ಡೀಲರ್ ಫ್ರೆಡ್ ಗಿಬ್ 50 ಕಾರಿಗೆ ಆರ್ಡರ್ ಕೊಟ್ಟರು. ಬೆಲೆ 7,000 ಡಾಲರ್ ದಾಟಿತು. ಕೊಳ್ಳುವವರೇ ಇಲ್ಲದೆ ಎಷ್ಟೋ ಕಾರು ವಾಪಸ್ ಕಳಿಸಬೇಕಾಯಿತು. ಅವತ್ತು ಯಾರಿಗೂ ಬೇಡವಾಗಿ, ಇವತ್ತು ಎಲ್ಲರಿಗೂ ಬೇಕಾಗಿರುವುದು. ನನ್ನ ಪ್ರಕಾರ ನಿಜವಾದ ಅಪರೂಪ ಹುಟ್ಟುವುದು ಹೀಗೆ. ಆದರೆ ಅದಕ್ಕೆ ಇನ್ನೊಂದು ಬೇಕು: ಕಾರು ಹುಟ್ಟಿದ ಹಾಗೇ ಉಳಿದಿರಬೇಕು, ಉಳಿದಿದೆ ಅನ್ನೋದಕ್ಕೆ ಕಾಗದ ಇರಬೇಕು.

ನನ್ನ ಕಾರಿನ ವಿಷಯಕ್ಕೆ ಬರುತ್ತೇನೆ. ಮಾರುತ್ತಿದ್ದವರು ವಯಸ್ಸಾದ ಒಬ್ಬರು. ಮಾತು ಮೃದು. ಗ್ಯಾರೇಜ್ ಬಾಗಿಲು ಎತ್ತಿದರು. ಒಳಗೆ ಕ್ಯಾರಸೆಲ್ ರೆಡ್ ಜಡ್ಜ್. ಹೆಸರಿಗೆ ರೆಡ್, ನೋಡಿದರೆ ನಾಗಪುರದ ಕಿತ್ತಳೆ. ಮಾಮೂಲಿ ಜಿಟಿಓದ ಎರಡರಷ್ಟು ಬೆಲೆ ಹೇಳಿದರು. "ಈ ಬಣ್ಣ, ಈ ಸೀಟು, ಈ ಗೇರ್, ಮೂರೂ ಇರುವುದು ಏಳೇ ಕಾರು" ಅಂದರು.

ಈ 'ಏಳರಲ್ಲಿ ಒಂದು' ಲೆಕ್ಕ ಕೇಳಿದರೆ ನನಗೆ ನಗು. ಹದಿನೈದು ಬಣ್ಣ, ಆರು ಥರ ಸೀಟು, ಮೂರು ಗೇರ್‌ಬಾಕ್ಸ್, ರೇಡಿಯೋ ಇದೆಯೋ ಇಲ್ಲವೋ ಅಂತ ಗುಣಿಸುತ್ತಾ ಹೋದರೆ ಯಾವ ಕಾರಾದರೂ ಪ್ರಪಂಚಕ್ಕೆ ಒಂದೇ ಆಗುತ್ತದೆ. ಆ ಲೆಕ್ಕದಲ್ಲಿ ಬುಧವಾರ ಹುಟ್ಟಿದ, ಎಡಗೈಯಲ್ಲಿ ಬರೆಯುವ, ಬದನೆಕಾಯಿ ತಿನ್ನದ ಮೈಸೂರಿನವನು ನಾನೂ ಒಬ್ಬನೇ ಇರಬಹುದು!

ಮೈಸೂರಲ್ಲಿ ನನ್ನ ಸೋದರಮಾವನದ್ದು ಗ್ಯಾರೇಜ್ ಇತ್ತು. ಜಾವಾ, ಎಜ್ಡಿ ರಿಪೇರಿ. ಆ ಗಾಡಿ ತಯಾರಾಗುತ್ತಿದ್ದದ್ದೂ ನಮ್ಮೂರಲ್ಲೇ ಅಲ್ವಾ. ಆರ್‌ಟಿಓ ಕೆಲಸಕ್ಕೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಮಾವ ಹೇಳುತ್ತಿದ್ದ, "ಬಣ್ಣ ಸುಳ್ಳು ಹೇಳತ್ತೆ ಕಣೋ, ನಂಬರ್ ಹೇಳಲ್ಲ." ಪಾಪ, ಅವನಿಗೆ ಅಮೆರಿಕ ಗೊತ್ತಿರಲಿಲ್ಲ. ಇಲ್ಲಿ ಎಂಜಿನ್ ನಂಬರನ್ನೇ ಉಜ್ಜಿ ಹೊಸದಾಗಿ ಗುದ್ದುವವರಿದ್ದಾರೆ. ಅದಕ್ಕೇ ಒಂದು ನಂಬರ್ ನೋಡಿದರೆ ಸಾಲದು, ಎಲ್ಲ ಒಂದಕ್ಕೊಂದು ತಾಳೆಯಾಗಬೇಕು.

ಅವತ್ತು ನನ್ನ ಜೇಬಲ್ಲಿ ಇದ್ದದ್ದು ಟಾರ್ಚ್, ಬ್ರೇಕ್ ಕ್ಲೀನರ್ ಡಬ್ಬಿ, ತೆಳು ಕಾಗದ, ಪೆನ್ಸಿಲ್. ಮೊದಲು ಮುಂದಿನ ಗಾಜಿನ ಒಳಗಿಂದ ಕಾಣುವ ಕಾರಿನ ನಂಬರ್, ಅಂದರೆ ಚಾಸಿ ನಂಬರ್ ಓದಿದೆ. 24237 ಅಂತ ಶುರು. 242 ಅಂದರೆ ಜಿಟಿಓ, 37 ಅಂದರೆ ಗಟ್ಟಿ ಚಾವಣಿಯ ಹಾರ್ಡ್‌ಟಾಪ್. ಅಲ್ಲಿಗೆ ಜಿಟಿಓ ಅನ್ನೋದು ನಿಜ. ಆದರೆ ಜಡ್ಜ್ ಹೌದೋ ಅಲ್ಲವೋ ಆ ನಂಬರ್ ಹೇಳುವುದಿಲ್ಲ. ಬಾನೆಟ್ ಎತ್ತಿ ಹಿಂದಿನ ಗೋಡೆಯ ತಗಡಿನ ಪಟ್ಟಿ ನೋಡಿದೆ. ಬಣ್ಣದ ಜಾಗದಲ್ಲಿ 73. ಕ್ಯಾರಸೆಲ್ ರೆಡ್ ಆದರೆ 72 ಇರಬೇಕು. 73 ಅಂದರೆ ವರ್ಡೋರೋ ಹಸಿರು.

ಇಷ್ಟಕ್ಕೇ ತೀರ್ಪು ಕೊಡುವ ಹಾಗಿಲ್ಲ. ಜಡ್ಜ್ ಮೊದಮೊದಲು ಕಿತ್ತಳೆಯಲ್ಲಿ ಮಾತ್ರ ಬಂದರೂ ಆಮೇಲೆ ಬೇರೆ ಬಣ್ಣದಲ್ಲೂ ಬಂತು. ಎಂಜಿನ್ ನೋಡಬೇಕು. ಬಲಗಡೆ, ಸಿಲಿಂಡರ್ ಹೆಡ್ ಕೆಳಗೆ, ಬ್ಲಾಕಿನ ಮುಂಭಾಗದಲ್ಲಿ ಎರಡು ಅಕ್ಷರ ಇರುತ್ತವೆ. ಐವತ್ತು ವರ್ಷದ ಜಿಡ್ಡು. ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯಲ್ಲಿ ಒರೆಸಿ, ಫೆಂಡರ್ ಮೇಲೆ ಬೋರಲು ಬಿದ್ದು ಕಾಗದ ಒತ್ತಿ ಪೆನ್ಸಿಲ್ ಉಜ್ಜಿದೆ. ಮೊದಲು ಬರೀ ಕಪ್ಪು. ಆಮೇಲೆ ಒಂದು ವೈ ಮೂಡಿತು. ಪಕ್ಕದಲ್ಲಿ ಎಸ್.

ವೈಎಸ್ ಅಂದರೆ ಮಾಮೂಲಿ 350 ಕುದುರೆ ಶಕ್ತಿಯ ಎಂಜಿನ್, ಆಟೋಮ್ಯಾಟಿಕ್ ಗೇರ್‌ಗೆ ಕೂರಿಸಿದ್ದು. ಜಡ್ಜ್ ಆಗಿದ್ದರೆ ರ‍್ಯಾಮ್ ಏರ್ ಎಂಜಿನ್ನಿನ ಕೋಡ್ ಇರಬೇಕಿತ್ತು, ಸಾಮಾನ್ಯವಾಗಿ ಆಟೋಮ್ಯಾಟಿಕ್‌ಗೆ ವೈಝಡ್. ಇನ್ನೂ ಕೆಳಗೆ, ಟೈಮಿಂಗ್ ಕವರ್ ಪಕ್ಕ, ಕಾರಿನ ನಂಬರಿನ ಕೊನೆಯ ಭಾಗ ಗುದ್ದಿತ್ತು. ಅದು ಗಾಜಿನ ಒಳಗಿನ ನಂಬರಿಗೆ ಸರಿಯಾಗಿ ತಾಳೆಯಾಯಿತು. ಇಲ್ಲಿಗೆ ನನ್ನ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಜಡ್ಜ್ ಸುಳ್ಳು, ಆದರೆ ಎಂಜಿನ್ ಫ್ಯಾಕ್ಟರಿಯಲ್ಲಿ ಕೂರಿಸಿದ್ದೇ!

ಪಾಂಟಿಯಾಕ್ ಕೊಳ್ಳುವವರಿಗೆ ಒಂದು ಅನುಕೂಲ ಇದೆ. ಪಿಎಚ್‌ಎಸ್, ಅಂದರೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ನಂಬರ್ ಕಳಿಸಿ ಫೀ ಕಟ್ಟಿದರೆ ಕಾರು ಫ್ಯಾಕ್ಟರಿ ಬಿಟ್ಟಾಗಿನ ದಾಖಲೆಯ ಪ್ರತಿ ಬರುತ್ತದೆ. ಫೋರ್ಡ್‌ಗೆ 1967ರ ಕಾರುಗಳಿಂದ ಈಚೆಗೆ ಇಂಥದ್ದೇ ದಾಖಲೆ, ಮಾರ್ಟಿ ರಿಪೋರ್ಟ್ ಇದೆ. ಪ್ಲಿಮತ್, ಡಾಜ್‌ನಲ್ಲಿ ಆ ಕಾಲದ ಕಾರಿನ ನಂಬರಿನ ಐದನೇ ಅಕ್ಷರವೇ ಎಂಜಿನ್ ಹೇಳುತ್ತದೆ, 1970ರದ್ದಾದರೆ ಆರ್ ಅಂದರೆ 426 ಕ್ಯೂಬಿಕ್ ಇಂಚಿನ ಹೆಮಿ ಎಂಜಿನ್. ಕಷ್ಟ ಇರುವುದು ಷೆವರ್ಲೆಗೆ. 1970ರ ಷೆವೆಲ್ ಕಾರು ದೊಡ್ಡ ಎಂಜಿನ್ನಿನ ಎಸ್‌ಎಸ್ 454 ಹೌದೋ ಅಲ್ಲವೋ ಅಂತ ಕಾರಿನ ನಂಬರ್ ಹೇಳುವುದೇ ಇಲ್ಲ. ಡೂಪ್ಲಿಕೇಟ್ ಮಾಡುವವರಿಗೆ ಅದು ಹಬ್ಬ. ಅಂಥ ಕಾರಿಗೆ ಹಳೇ ಕಾಗದ ಇಲ್ಲದಿದ್ದರೆ ನಾನಂತೂ ಗ್ಯಾರೇಜ್ ಒಳಗೇ ಕಾಲಿಡುವುದಿಲ್ಲ.

ನನ್ನ ಕಾಗದ ಬಂತು. ವರ್ಡೋರೋ ಹಸಿರು, ಆಟೋಮ್ಯಾಟಿಕ್, ಪವರ್ ಸ್ಟಿಯರಿಂಗ್, ರೇಡಿಯೋ. ಜಡ್ಜ್ ಪ್ಯಾಕೇಜ್‌ಗೆ ಇರಬೇಕಾದ ಡಬ್ಲ್ಯುಟಿ1 ಎಲ್ಲೂ ಇಲ್ಲ. ಅದನ್ನು ತೋರಿಸಿದಾಗ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಅವರೂ ಜಡ್ಜ್ ಅಂತಲೇ ನಂಬಿ ದುಬಾರಿ ಕೊಟ್ಟು ಕೊಂಡವರು. ನನಗೂ ಕೆಟ್ಟದೆನಿಸಿತು. ಒಂದು ತಿಂಗಳಾದ ಮೇಲೆ ಅವರೇ ಫೋನ್ ಮಾಡಿ, ಮಾಮೂಲಿ ಜಿಟಿಓ ಬೆಲೆಗೆ ಕೊಟ್ಟರು.

ಟಿಂಕರಿಂಗ್, ಪೇಂಟಿಂಗ್ ಕೆಲಸ ಎರಡು ಚಳಿಗಾಲ ತಿಂದಿತು. ಅದರ ಪುರಾಣ ಬೇಡ. ಎಲ್ಲ ತುಕ್ಕೂ ಒಂದೇ, ಎಲ್ಲ ಬಿಲ್ಲೂ ಅಂದಾಜಿಗಿಂತ ಜಾಸ್ತಿ. ಒಂದು ಮಾತ್ರ ಹೇಳಬೇಕು. ಪೆಟ್ರೋಲ್ ಟ್ಯಾಂಕ್ ಇಳಿಸುವಾಗ ಕೈ ನಿಧಾನ ಇರಲಿ. ಫ್ಯಾಕ್ಟರಿಯಲ್ಲಿ ಕಾರು ಜೋಡಿಸುವವರು ನೋಡಿಕೊಳ್ಳುತ್ತಿದ್ದ ಹಾಳೆ ಕೆಲವು ಸಲ ಟ್ಯಾಂಕ್ ಮೇಲೆ, ಕೆಲವು ಸಲ ಹಿಂದಿನ ಸೀಟಿನ ಸ್ಪ್ರಿಂಗ್ ಒಳಗೆ ಉಳಿದುಬಿಟ್ಟಿರುತ್ತದೆ. ನಾನೂ ನನ್ನ ಮಗನೂ ಟ್ಯಾಂಕನ್ನು ಜ್ಯಾಕ್ ಮೇಲೆ ಇಂಚಿಂಚು ಇಳಿಸಿದೆವು. ಮೇಲೆ ಕಂದು ಬಣ್ಣದ ಏನೋ ಅಂಟಿತ್ತು, ಒಣಗಿದ ಬಾಳೆಲೆ ಥರ. ಮಗ ಕೈ ಹಾಕಿದ. "ಮುಟ್ಟಬೇಡ!" ಅಂತ ಕಿರುಚಿದೆ. ಮುಕ್ಕಾಲು ಭಾಗ ಇಲಿ ತಿಂದಿತ್ತು. ಉಳಿದ ಅಂಗೈ ಅಗಲದ ಚೂರಿನಲ್ಲಿ ಕಾರಿನ ನಂಬರಿನ ಕೊನೆಯ ನಾಲ್ಕು ಅಂಕಿ ಓದೋಕೆ ಬಂತು. ಅದನ್ನು ಗಾಜಿನ ಫ್ರೇಮ್ ಹಾಕಿಸಿದ್ದೇನೆ. ಪಕ್ಕದಲ್ಲಿ ಆ ಪೆನ್ಸಿಲ್ ಅಚ್ಚು.

ಫೆಂಡರ್ ಸ್ಟಿಕ್ಕರ್ ಬಿಸಿಗಾಳಿ ಹೊಡೆದು ಕಿತ್ತು ಬಿಸಾಕಿದೆ. ರೆಕ್ಕೆ ಚೆನ್ನಾಗಿತ್ತು, ಮಾರೋಕೆ ಹಾಕಿದೆ. ಎರಡೇ ದಿನಕ್ಕೆ ಒಹಾಯೋದಿಂದ ಒಬ್ಬರು ಪಿಕಪ್ ತೆಗೆದುಕೊಂಡು ಬಂದರು. ರೆಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಚೌಕಾಸಿ ಮಾಡದೆ ದುಡ್ಡು ಕೊಟ್ಟರು. ಕಂಬಳಿ ಸುತ್ತಿ ಕಟ್ಟಿಕೊಡುವಾಗ ಸುಮ್ನೆ ಕೇಳಿದೆ, ಯಾವ ಕಾರಿಗೆ ಅಂತ. ನನ್ನ ಹತ್ತಿರ ನೀಲಿ ಜಿಟಿಓ ಇದೆ ಅಂದರು. 69ರದ್ದೇ, ಪೇಂಟ್‌ಗೆ ಕೊಡಬೇಕು. ಆಮೇಲೆ ಜೇಬಿಂದ ಪೆನ್ನು ತೆಗೆದು ಕೇಳಿದರು, "ಆ ಕಿತ್ತಳೆಯ ಕೋಡ್ ನಂಬರ್ ಎಷ್ಟು?"

"72" ಅಂದೆ.