ಶಾಲಾ ಸಂಸತ್ತು: ಚುನಾವಣೆ ಮುಗಿದ ಮೇಲೆ ಏನು?

ನಮ್ಮ ಕಾಲದಲ್ಲಿ ಕ್ಲಾಸ್ ಲೀಡರ್‌ಗೆ ಇದ್ದದ್ದು ಒಂದೇ ಕೆಲಸ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವುದು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕ್. ನಾನೂ ಒಂದು ವರ್ಷ ಲೀಡರ್ ಆಗಿದ್ದೆ. ಇಬ್ಬರು ಗೆಳೆಯರು ಮಾತು ಬಿಟ್ಟರು, ಅಷ್ಟೇ ಲಾಭ.

ಈಗ ಕರ್ನಾಟಕದ ಬಹಳಷ್ಟು ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ. ಚುನಾವಣೆ, ಬೆರಳಿಗೆ ಶಾಯಿ, ಪ್ರಮಾಣವಚನ, ಫೋಟೊ. ಆಮೇಲೆ? ಎಷ್ಟೋ ಕಡೆ ದಸರಾ ರಜೆ ಹೊತ್ತಿಗೆ ಮಂತ್ರಿಗಳಿಗೇ ತಮ್ಮ ಖಾತೆ ಮರೆತಿರುತ್ತದೆ. ಹಾಗಾಗದಿರಲು ಹೀಗೆ ಮಾಡಿ ನೋಡಿ.

ಮೊದಲು ಚುನಾವಣೆ. ಸುಮ್ನೆ ಕೈ ಎತ್ತಿಸಿ ಮುಗಿಸಬೇಡಿ. ನಾಮಪತ್ರ, ವಾಪಸ್ ಪಡೆಯಲು ಒಂದು ದಿನ, ಪ್ರಚಾರ, ಮತದಾನ, ಎಣಿಕೆ ಎಲ್ಲವೂ ಇರಲಿ. ಮತಗಟ್ಟೆ ಅಧಿಕಾರಿ, ಏಜೆಂಟ್, ಶಾಯಿ ಹಾಕುವವರು ಎಲ್ಲ ಮಕ್ಕಳೇ. ಚೀಟಿ ಮತ್ತು ರಟ್ಟಿನ ಡಬ್ಬ ಧಾರಾಳ ಸಾಕು. ನಮ್ಮ ಚುನಾವಣೆಗಳಲ್ಲಿ 2013ರಿಂದ ನೋಟಾ ಇದೆಯಲ್ಲ, ಅದನ್ನೂ ಇಡಿ. ಚಾಕೊಲೇಟ್ ಹಂಚಿದರೆ ನಾಮಪತ್ರ ರದ್ದು ಎಂದು ಮೊದಲೇ ಹೇಳಿಬಿಡಿ. ನಗಬೇಡಿ, ಹಂಚುತ್ತಾರೆ.

ನಂತರ ಖಾತೆ ಹಂಚಿಕೆ. ನಿಜವಾದ ಸರ್ಕಾರದಲ್ಲೇ 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ಲೋಕಸಭೆಯ ಬಲದ ಶೇ 15 ದಾಟುವಂತಿಲ್ಲ. ಶಾಲೆಗೂ ಐದಾರು ಖಾತೆ ಸಾಕು. ಆದರೆ ಪ್ರತಿ ಖಾತೆಗೂ ದಿನಾ ಮಾಡುವ ಕೆಲಸ ಮತ್ತು ಒಂದು ನೋಟ್‌ಬುಕ್ ಇರಲೇಬೇಕು. ಆಹಾರ ಮಂತ್ರಿ ಬೆಳಿಗ್ಗೆ ಎಲ್ಲ ತರಗತಿಗಳ ಹಾಜರಿ ಕೇಳಿ, ಬಿಸಿಯೂಟಕ್ಕೆ ಎಷ್ಟು ಜನ ಎಂದು ಅಡುಗೆಯವರಿಗೆ ಹೇಳಬೇಕು. ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂಬ ಲೆಕ್ಕವೂ ಅವರದೇ. ಊಟವಾದ ಮೇಲೆ ಎಷ್ಟು ಅನ್ನ ಚೆಲ್ಲಿತು ಎಂದು ಬರೆದಿಡಬೇಕು. ನೀರಿನ ಮಂತ್ರಿ ಟ್ಯಾಂಕ್, ನಲ್ಲಿ, ಶೌಚಾಲಯ ನೋಡಿ ನೀರು ಬಾರದ ದಿನಗಳನ್ನು ಗುರುತು ಹಾಕಬೇಕು. ಈ ನೋಟ್‌ಬುಕ್ಕೇ ಮುಖ್ಯ. ಅದಿಲ್ಲದ ಮಂತ್ರಿ ಬರೀ ಬ್ಯಾಡ್ಜ್ ಹಾಕಿಕೊಂಡು ಓಡಾಡುತ್ತಾನೆ.

ಶನಿವಾರ ಅರ್ಧ ಗಂಟೆ ಸಭೆ. ಲೋಕಸಭೆಯಲ್ಲಿ ಕಲಾಪದ ಮೊದಲ ಗಂಟೆ ಪ್ರಶ್ನೆಗಳಿಗೇ ಮೀಸಲು. ಇಲ್ಲೂ ಮೊದಲು ಪ್ರಶ್ನೆ ಕೇಳಲಿ. ಸೋತವರನ್ನು ವಿರೋಧ ಪಕ್ಷದ ಬೆಂಚಿನಲ್ಲಿ ಕೂರಿಸಿ. ಅವರೂ ವರ್ಷವಿಡೀ ಚುರುಕಾಗಿರುತ್ತಾರೆ. ‘ಈ ವಾರ ಅನ್ನ ಯಾಕೆ ಜಾಸ್ತಿ ಚೆಲ್ಲಿತು?’ ಎಂದು ಕೇಳಿದಾಗ ಮಂತ್ರಿ ತಡವರಿಸಬಹುದು. ತಡವರಿಸಲಿ ಬಿಡಿ. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತಿರಬೇಕು. ಇಡೀ ವ್ಯವಸ್ಥೆಯಲ್ಲಿ ಕಷ್ಟದ ಕೆಲಸ ಇದೇ!

ಜೋರು ಬಾಯಿಯವರಿಗೇ ವೋಟು ಬೀಳುವುದು ಸಹಜ, ಅಲ್ವಾ? ಅದಕ್ಕೇ ದಸರಾ ರಜೆಯ ನಂತರ ಸಂಪುಟ ಬದಲಿಸಿ. ಅರ್ಧ ಖಾತೆಗಳಾದರೂ ಮೆಲುದನಿಯ ಮಕ್ಕಳಿಗೆ ಹೋಗಲಿ. ನೋಟ್‌ಬುಕ್ ಅಚ್ಚುಕಟ್ಟಾಗುವುದು ಹೆಚ್ಚಾಗಿ ಅವರ ಕೈಯಲ್ಲೇ.

ಹಳ್ಳಿ ಶಾಲೆಯಾದರೆ ಇನ್ನೊಂದು ಅವಕಾಶ ಇದೆ. ಗ್ರಾಮ ಪಂಚಾಯಿತಿಯವರು ನಡೆಸುವ ಮಕ್ಕಳ ಗ್ರಾಮ ಸಭೆಗೆ ನೀರಿನ ಮಂತ್ರಿಯನ್ನು ಅದೇ ನೋಟ್‌ಬುಕ್ ಜೊತೆ ಕಳಿಸಿ. ಭಾಷಣ ಬರೆದುಕೊಡಬೇಡಿ. ಏನು ತೊಂದರೆ, ಎಷ್ಟು ದಿನದಿಂದ, ಏನು ಬೇಕು ಎಂದು ಮೂರೇ ಮಾತು ಹೇಳಲಿ. ಎದುರಿನಿಂದ ‘ನೋಡೋಣ ಪುಟ್ಟಾ’ ಎಂಬ ಉತ್ತರ ಬರಬಹುದು. ಆಗ ಕೂತುಕೊಳ್ಳದೆ ‘ಯಾವಾಗ ಸರ್?’ ಎಂದು ಕೇಳುವುದನ್ನು ಶನಿವಾರದ ಸಭೆಯಲ್ಲೇ ಅಭ್ಯಾಸ ಮಾಡಿಸಿರಿ.