ಕೀಮೋ ನಡೆಯುವಾಗ ಮನಸ್ಸಿಗೂ ಚಿಕಿತ್ಸೆ ಕೇಳಿ ಪಡೆಯುವುದು ಹೇಗೆ

ನನಗೆ ಸ್ತನ ಕ್ಯಾನ್ಸರ್‌ಗೆ ಕೀಮೋ ಆಗಿದೆ. ಓಪಿಡಿಯಲ್ಲಿ ಡಾಕ್ಟರು "ಹೇಗಿದ್ದೀರಮ್ಮ?" ಅನ್ನುತ್ತಾರೆ. ನಾವು "ಪರವಾಗಿಲ್ಲ" ಅನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯಿತು, ಅಲ್ವಾ? ಅದಕ್ಕೇ ಅಂಕಿ ಇಟ್ಟು ಹೇಳಿ.

ಡಿಸ್ಟ್ರೆಸ್ ಥರ್ಮಾಮೀಟರ್ ಅಂತ ಒಂದು ಹಾಳೆ ಇದೆ. ಇವತ್ತೂ ಸೇರಿ ಕಳೆದ ಒಂದು ವಾರದ ಸಂಕಟಕ್ಕೆ 0ಯಿಂದ 10ರೊಳಗೆ ಗುರುತು ಹಾಕಬೇಕು. 4 ಅಥವಾ ಜಾಸ್ತಿ ಬಂದರೆ ಡಾಕ್ಟರು ಇನ್ನಷ್ಟು ವಿಚಾರಿಸಬೇಕು ಅನ್ನುವುದು ರೂಢಿ. ಹಾಳೆ ಕೊಡದಿದ್ದರೆ ಒಂದು ಚೀಟಿಯಲ್ಲಿ ನೀವೇ ಬರೆಯಿರಿ: "7. ರಾತ್ರಿ ಎರಡಕ್ಕೇ ಎಚ್ಚರ. ಮಗಳ ಫೀಸಿನ ಚಿಂತೆ." ನಿದ್ದೆಯ ವಿಷಯ ಡಾಕ್ಟರಿಗೆ, ಫೀಸಿನ ವಿಷಯ ಆಸ್ಪತ್ರೆಯ ಸೋಷಿಯಲ್ ವರ್ಕರಿಗೆ.

ನಿದ್ದೆ ಯಾವ್ಯಾವ ರಾತ್ರಿ ಕೆಟ್ಟಿತು ಅಂತಲೂ ಗುರುತಿಡಿ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸಬಹುದು, ಸಿಡುಕನ್ನೂ ತರಬಹುದು. ನಾನಂತೂ ಆ ರಾತ್ರಿಗಳಲ್ಲಿ ಎದ್ದು ಪಾತ್ರೆ ತೊಳೆಯುತ್ತಿದ್ದೆ. ಮಾತ್ರೆ ಬೆಳಿಗ್ಗೆ ತಗೊಳ್ಳಬಹುದಾ ಅಂತ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು, ಸೂಜಿ ಚುಚ್ಚುವ ಮೊದಲೇ ಬರುವ ವಾಕರಿಕೆ. ಸ್ಪಿರಿಟ್ ಹತ್ತಿಯ ವಾಸನೆ ಬಡಿದರೆ ಸಾಕು, ನನ್ನ ಹೊಟ್ಟೆ ತೊಳಸುತ್ತಿತ್ತು. ಇದು ನಾಟಕವಲ್ಲ. ಹಿಂದಿನ ಕೀಮೋಗಳ ನೆನಪನ್ನು ದೇಹ ಇಟ್ಟುಕೊಂಡಿರುತ್ತದೆ. ಕೌನ್ಸೆಲರ್ ಕಲಿಸಿದ್ದು ಹೀಗೆ: ಪಾದ ಬಿಗಿ ಮಾಡಿ, ಉಸಿರು ಬಿಡುತ್ತಾ ಸಡಿಲ ಬಿಡಿ. ಆಮೇಲೆ ಮೀನಖಂಡ, ತೊಡೆ, ಹೊಟ್ಟೆ, ಭುಜ, ಕೊನೆಗೆ ಮುಖ. ಡ್ರಿಪ್ ಹಾಕಿದ ಕೈಯನ್ನು ಸುಮ್ನೆ ಬಿಡಿ. ಮನೆಯಲ್ಲಿ ಮೊದಲೇ ರೂಢಿ ಮಾಡಿಕೊಳ್ಳಿ. ಕೀಮೋ ಕುರ್ಚಿಯಲ್ಲಿ ಹೊಸದಾಗಿ ಶುರು ಮಾಡಿದರೆ ಅಷ್ಟು ಹಿಡಿಯುವುದಿಲ್ಲ.

ಕೌನ್ಸೆಲರ್ ಹತ್ತಿರ ಒಬ್ಬರೇ ಹೋಗಿ. ನಮ್ಮ ಯಜಮಾನರು ಪಕ್ಕದಲ್ಲಿದ್ದರೆ ನನ್ನ ಬದಲು ಅವರೇ ಉತ್ತರಿಸುತ್ತಿದ್ದರು: "ಇವಳು ಗಟ್ಟಿಗಿತ್ತಿ ಮೇಡಂ!" "ಕಾಫಿ ಕುಡಿದು ಬನ್ನಿ" ಅಂತ ಕಳಿಸುತ್ತಿದ್ದೆ.

ಮನೋವೈದ್ಯರು ಮಾತ್ರೆ ಬರೆಯುವುದಾದರೆ ನಿಮ್ಮ ಎಲ್ಲ ಔಷಧಿಗಳ ಪಟ್ಟಿ ತೋರಿಸಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಟ್ಯಾಮಾಕ್ಸಿಫೆನ್ ತಗೊಳ್ಳುವವರು ಇದನ್ನು ಮರೆಯಲೇಬಾರದು. ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ಥರದ ಖಿನ್ನತೆಯ ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡ ಬರಬಹುದು. ಬೇರೆ ಮಾತ್ರೆಗಳೂ ಇವೆ.

ಸಾಯೋಣ ಅನ್ನುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಮನೆಯವರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನಿಸಿದರೆ ನೇರ ಎಮರ್ಜೆನ್ಸಿಗೇ ಹೋಗಿ.